ಆಟದ ಕಟ್ಟು ಮತ್ತು ಮನಸ್ಸಾಕ್ಷಿ



ಮಕ್ಕಳು ಆಟದಲ್ಲಿ ಮೋಸ ಮಾಡಿದಾಗ ಹಿರಿಯರ ಬಾಯಿಂದ ಸಾಮಾನ್ಯವಾಗಿ ಹೊರಡುವ ಮಾತು, "ಆಟ ತಾನೆ, ಹೋಗಲಿ ಬಿಡು." ಮೋಸಹೋದ ಮಗು ಕಣ್ಣೊರೆಸಿಕೊಂಡು ಸುಮ್ಮನಾಗುತ್ತದೆ, ಮೋಸ ಮಾಡಿದ ಮಗು ಗೆದ್ದ ಕಾರ್ಡುಗಳನ್ನು ಜೇಬಿಗಿಳಿಸಿ ಮನೆಗೆ ಹೋಗುತ್ತದೆ. ಅಡಿಕೆಯ ತೂಕದಲ್ಲಿ ಕಾಲು ಕಿಲೋ ಕಡಿಮೆಯಾದರೆ ಮಂಡಿಯಲ್ಲಿ ದನಿಯೇರಿಸುವ ನಾವು, ಮನೆಯ ಜಗಲಿಯ ಮೇಲೆ ನಡೆದ ಈ ಅನ್ಯಾಯವನ್ನು ಅನ್ಯಾಯವೆಂದೇ ಎಣಿಸುವುದಿಲ್ಲ. ಆಟದ ಮೋಸ ನಿಜವಾದ ಮೋಸವೇ? ಹೌದಾದರೆ, ಅಲ್ಲಿ ಕಳವಾಗುವುದಾದರೂ ಏನು? ಅದನ್ನು ತಡೆಯಲು ಹೊರಟರೆ ಮಕ್ಕಳ ನಡುವೆ ಸಂಶಯದ ಬೀಜ ಬಿತ್ತಿದಂತಾಗುವುದಿಲ್ಲವೇ? ಈ ಮೂರು ಪ್ರಶ್ನೆಗಳನ್ನು ನಿಮ್ಮೊಡನೆ ಕುಳಿತು ಚಿಂತಿಸಬಯಸುತ್ತೇನೆ.

ತುಮಕೂರಿನ ಮರಳೂರಿನಂತಹ ಬಡಾವಣೆಯನ್ನೇ ತೆಗೆದುಕೊಳ್ಳಿ. ಸಿದ್ಧಾರ್ಥ ತಾಂತ್ರಿಕ ಕಾಲೇಜು ಇರುವ ಈ ಭಾಗದಲ್ಲಿ ಊರಿನ ಹಳಬರೂ, ಓದು ಉದ್ಯೋಗಗಳ ನಿಮಿತ್ತ ಬಂದು ನೆಲೆಸಿದವರೂ ಅಕ್ಕಪಕ್ಕದಲ್ಲಿ ಬಾಳುತ್ತಾರೆ. ದೊಡ್ಡವರ ನಡುವೆ ಪರಿಚಯ ಬೆಳೆಯುವ ಮೊದಲೇ ಮಕ್ಕಳ ನಡುವೆ ಸ್ನೇಹ ಬೆಳೆದಿರುತ್ತದೆ. ಅದನ್ನು ಬೆಳೆಸುವುದು ಆಟ. ಇಂದು ಮೂವತ್ತು ನಲವತ್ತರ ವಯಸ್ಸಿನಲ್ಲಿರುವ ತಂದೆತಾಯಂದಿರಿಗೆ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳು ನೆನಪಿರಬೇಕು. ಎತ್ತರ, ತೂಕ, ಎದೆಯ ಸುತ್ತಳತೆ ಇವುಗಳಲ್ಲಿ ಒಂದನ್ನು ಕೂಗಿ ಹೇಳುವುದು, ಹೆಚ್ಚಿನ ಅಂಕಿ ಉಳ್ಳವನು ಎದುರಾಳಿಯ ಕಾರ್ಡನ್ನು ತನ್ನದಾಗಿಸಿಕೊಳ್ಳುವುದು ಆ ಆಟದ ಕ್ರಮ. ಇಲ್ಲದ ಅಂಕಿಯನ್ನು ಹೇಳಿ ಥಟ್ಟನೆ ಕಾರ್ಡು ಮುಚ್ಚಿಕೊಳ್ಳುವುದು ಆ ಆಟದ ಮೋಸ.

ಈಗಿನ ಮಕ್ಕಳ ಕೈಯಲ್ಲಿ ಪೋಕೆಮಾನ್ ಕಾರ್ಡುಗಳಿವೆ. ಕಾರ್ಡುಗಳನ್ನು ಕೊಂಡು, ಕೂಡಿಸಿ, ಪರಸ್ಪರ ಬದಲಾಯಿಸಿಕೊಂಡು ಆಡುವ ಆಟಗಳ ಇಂದಿನ ರೂಪ ಆರಂಭವಾದುದು 1993ರಲ್ಲಿ, ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟದಿಂದ. ಪೋಕೆಮಾನ್ ಆಟ 1996ರಲ್ಲಿ ಜಪಾನಿನಲ್ಲಿ ಹುಟ್ಟಿತು. ಇಸ್ಪೀಟಿಗೂ ಇವುಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಮನೆಯಲ್ಲಿ ಸಿದ್ಧಪಡಿಸಿಕೊಂಡು ಬರುತ್ತಾನೆ. ಪೋಕೆಮಾನ್ ಕಟ್ಟಿನಲ್ಲಿ 60 ಕಾರ್ಡುಗಳಿರಬೇಕು. ಮೂಲ ಶಕ್ತಿಯ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಆದರೆ ಆ ಕಟ್ಟಿನೊಳಗೆ ಏನಿದೆಯೆಂಬುದು ಎದುರು ಕುಳಿತವನಿಗೆ ಕಾಣದು. ಆದುದರಿಂದ ಇಬ್ಬರೂ ಒಬ್ಬರು ಇನ್ನೊಬ್ಬರ ಪ್ರಾಮಾಣಿಕತೆಯ ಮೇಲೆ ಭಾರ ಹಾಕಿಯೇ ಆಟಕ್ಕೆ ಕೂರುತ್ತಾರೆ.

ಕಾರ್ಡು ಎಂದೊಡನೆ ಹುಬ್ಬುಗಂಟಿಕ್ಕುವ ಹಿರಿಯರೂ ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಹಬ್ಬದ ಮರುದಿನ ಹಣ ಕಟ್ಟಿ ಆಡಿ ಮನೆ ಕಳೆದುಕೊಂಡವರನ್ನು ಕಂಡವರ ಭಯ ಅದು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಸಿಯೆನಾದ ಸಂತ ಬರ್ನಾರ್ಡಿನರು 15ನೆಯ ಶತಮಾನದ ಇಟಲಿಯಲ್ಲಿ ಜೂಜಿನ ವಿರುದ್ಧ ಊರೂರುಗಳಲ್ಲಿ ಬೋಧಿಸಿದರು. ಆದರೆ ಜೂಜು ಬೇರೆ, ಆಟ ಬೇರೆ. ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನ ವಿಚಾರವನ್ನು ಮುಂದುವರಿಸುತ್ತಾ, ದಣಿದ ದೇಹಕ್ಕೆ ನಿದ್ರೆ ಹೇಗೋ ದಣಿದ ಮನಸ್ಸಿಗೆ ಆಟ ಹಾಗೆಂದು ವಿವರಿಸಿದ್ದಾರೆ. ಆಟದಲ್ಲಿಯೂ ಒಂದು ಸದ್ಗುಣವಿದೆ, ಆಟವನ್ನೇ ಸಹಿಸದ ಗಡಸುತನವೂ ಒಂದು ದೋಷ ಎಂಬುದು ಅವರ ಬೋಧನೆ. ಆಟದಲ್ಲಿ ಸದ್ಗುಣಕ್ಕೆ ಎಡೆಯಿದ್ದರೆ ದುರ್ಗುಣಕ್ಕೂ ಎಡೆಯಿದೆಯೆಂದೇ ಅರ್ಥ.

ಕಾರ್ಡಿನ ಸ್ಪರ್ಧೆಗಳಲ್ಲಿ ಮೋಸ ನಡೆಯುವ ದಾರಿಗಳು ಹಲವು. ಕಲೆಸಿದಂತೆ ನಟಿಸಿ ಬೇಕಾದ ಕಾರ್ಡುಗಳನ್ನು ಮೇಲೆ ಉಳಿಸಿಕೊಳ್ಳುವುದು; ಒಂದು ಎಳೆಯಬೇಕಾದಲ್ಲಿ ಎರಡು ಎಳೆಯುವುದು; ನಾಲ್ಕರ ಮಿತಿಯಿರುವಲ್ಲಿ ಐದನೆಯದನ್ನು ಸೇರಿಸುವುದು; ಕಾರ್ಡಿನ ಮೂಲೆಯನ್ನು ಉಗುರಿನಿಂದ ಗೀರಿ ಗುರುತು ಮಾಡುವುದು; ಮುಂದಿರುವಾಗ ಸಮಯ ಮುಗಿಯಲೆಂದು ಬೇಕೆಂದೇ ತಡಮಾಡುವುದು. 2019ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆದ ಮ್ಯಾಜಿಕ್ ಆಟದ ದೊಡ್ಡ ಸ್ಪರ್ಧೆಯೊಂದರಲ್ಲಿ ಜಪಾನಿನ ಖ್ಯಾತ ಆಟಗಾರ ಯೂಯಾ ವಾತಾನಾಬೆ ಅವರು ಕೊನೆಯ ಎಂಟು ಮಂದಿಯ ಸುತ್ತಿಗೆ ಅರ್ಹರಾಗಿದ್ದರು. ಕಾರ್ಡುಗಳ ಪ್ಲಾಸ್ಟಿಕ್ ಕವರುಗಳ ಮೇಲೆ ಗುರುತುಗಳಿವೆಯೆಂದು ತೀರ್ಪುಗಾರರು ಕಂಡುಕೊಂಡು ಅವರನ್ನು ಅನರ್ಹಗೊಳಿಸಿದರು. ಮುಂದೆ 30 ತಿಂಗಳ ನಿಷೇಧ ಬಂದಿತು. 2016ರಲ್ಲಿ ಸೇರಿದ್ದ ಗೌರವಪಟ್ಟಿಯಿಂದಲೂ ಹೆಸರು ಅಳಿಸಿಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಗೆ ಬೇರೆ ನಿದರ್ಶನ ಬೇಕಿಲ್ಲ.

ತಡೆಯುವ ಕ್ರಮಗಳೂ ಅಷ್ಟೇ ಸರಳ. ಸ್ಪರ್ಧೆಗೆ ಮುನ್ನ ಕಟ್ಟಿನಲ್ಲಿರುವ ಕಾರ್ಡುಗಳ ಪಟ್ಟಿಯನ್ನು ಬರೆದು ಒಪ್ಪಿಸಬೇಕು. ತೀರ್ಪುಗಾರರು ಯಾವ ಹೊತ್ತಿನಲ್ಲಾದರೂ ಕಟ್ಟನ್ನು ತೆಗೆದುಕೊಂಡು ಪಟ್ಟಿಯೊಡನೆ ಹೋಲಿಸಬಹುದು. ಕವರುಗಳೆಲ್ಲ ಒಂದೇ ಬಗೆಯವಾಗಿರಬೇಕು. ಕೈಯಲ್ಲಿ ಎಷ್ಟು ಕಾರ್ಡುಗಳಿವೆಯೆಂದು ಕೇಳಿದರೆ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಕಲೆಸಿದ ಕಟ್ಟನ್ನು ಎದುರಾಳಿಯ ಮುಂದಿಡಬೇಕು. ಅವನು ಅದನ್ನು ಕಟ್ ಮಾಡಬಹುದು, ಬೇಕಾದರೆ ಮತ್ತೆ ಕಲೆಸಬಹುದು.

ಇದು ಅವಿಶ್ವಾಸವಲ್ಲವೇ ಎಂದು ನೀವು ಕೇಳಬಹುದು. "ನನ್ನ ಮೇಲೆ ನಂಬಿಕೆಯಿಲ್ಲವೇ?" ಎಂದು ಮಕ್ಕಳೂ ಕೇಳುತ್ತಾರೆ. ಆದರೆ ಯೋಚಿಸಿ ನೋಡಿ. ಅಂಗಡಿಯ ತಕ್ಕಡಿಗೂ ಬೊಟ್ಟುಗಳಿಗೂ ಸರ್ಕಾರದ ಮುದ್ರೆ ಇರಬೇಕೆಂಬ ನಿಯಮವಿದೆ. ಅದರಿಂದ ಪ್ರಾಮಾಣಿಕ ವ್ಯಾಪಾರಿಗೆ ಅವಮಾನವಾಗುವುದಿಲ್ಲ. ಅವನ ಪ್ರಾಮಾಣಿಕತೆ ನಾಲ್ಕು ಜನರಿಗೆ ತಿಳಿಯುವುದೇ ಆ ಮುದ್ರೆಯಿಂದ. ತಪಾಸಣೆ ಸಡಿಲವಾದಾಗ ಯಾರು ನೋಯುತ್ತಾರೆಂಬುದನ್ನು ನಮ್ಮ ರಾಜ್ಯ ಕಂಡಿದೆ. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗಾಗಿ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು; ಉತ್ತರ ಪತ್ರಿಕೆಗಳನ್ನು ತಿದ್ದಿದ ಹಗರಣ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು; ಮರುಪರೀಕ್ಷೆ ನಡೆದುದು 2024ರ ಜನವರಿಯಲ್ಲಿ. ಹಗಲಿರುಳು ಓದಿ ನೇರ ದಾರಿಯಲ್ಲಿ ಬರೆದವರೂ ಅಷ್ಟು ಕಾಲ ಕಾಯಬೇಕಾಯಿತು, ಅಷ್ಟು ಕಾಲ ಸಂಶಯದ ನೆರಳಿನಲ್ಲಿ ನಿಲ್ಲಬೇಕಾಯಿತು. ಪರಿಶೀಲನೆ ಪ್ರಾಮಾಣಿಕರಿಗೆ ಕೊಡುವ ಕಿರುಕುಳವಲ್ಲ, ಅವರಿಗೆ ಸಲ್ಲಬೇಕಾದ ನ್ಯಾಯ. ಅದು ದುರ್ಬಲರ ಮೇಲಿನ ದಯೆಯೂ ಹೌದು. ಶೋಧನೆಗೆ ಒಳಪಡಿಸಬೇಡವೆಂದು ದಿನವೂ ಪ್ರಾರ್ಥಿಸುವ ನಾವು, ಮಗುವಿನ ಕೈಗೆ ಸುಲಭವಾದ ಶೋಧನೆಯನ್ನು ಇಟ್ಟು ಸುಮ್ಮನಿರಬಾರದು. ಕಟ್ಟನ್ನು ಎದುರಾಳಿಯ ಕೈಗೆ ಕೊಡುವವನು, "ನನ್ನ ಕೈಯೂ ಮನುಷ್ಯನ ಕೈಯೇ, ನೀನೇ ನೋಡು" ಎಂದು ಮಾತಿಲ್ಲದೆ ಹೇಳುತ್ತಾನೆ. ನಂಬಿಕೆಗೆ ಅದಕ್ಕಿಂತ ಒಳ್ಳೆಯ ಬುನಾದಿ ಬೇಕೇ?

ಇನ್ನು ಕಳವಾಗುವುದೇನು ಎಂಬ ಪ್ರಶ್ನೆ. ಇದರ ಕಷ್ಟವನ್ನು ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣ ಚೆನ್ನಾಗಿ ತೋರಿಸುತ್ತದೆ. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಹಣ ಪಡೆದು ಪಂದ್ಯವನ್ನು ಮೊದಲೇ ನಿಗದಿಪಡಿಸಿದ ಆರೋಪ ಕೆಲವು ಆಟಗಾರರ ಮೇಲೆ ಬಂದಿತು. ವಂಚನೆಯ ಮೊಕದ್ದಮೆ ದಾಖಲಾಯಿತು. 2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಅಂತಹ ನಡತೆ ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು, ಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ; ಆದರೆ ಪ್ರೇಕ್ಷಕರು ತಾವಾಗಿಯೇ ಟಿಕೆಟು ಕೊಂಡಿರುವುದರಿಂದ ದಂಡಸಂಹಿತೆಯ 420ನೆಯ ಕಲಮಿನ ವಂಚನೆ ಇದಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಆರೋಪದ ಸತ್ಯಾಸತ್ಯ ನಮ್ಮ ವಿಷಯವಲ್ಲ. ಕಾನೂನು ಯಾರ ಸ್ವತ್ತು ಯಾರ ಕೈಗೆ ಹೋಯಿತೆಂದು ಕೇಳುತ್ತದೆ. ಹಾಗೆ ಕೇಳುವುದು ಅದರ ಧರ್ಮ. ಮನಸ್ಸಾಕ್ಷಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಬೇಕಾಗುತ್ತದೆ.

ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ 1938ರಲ್ಲಿ ಪ್ರಕಟಿಸಿದ 'ಹೋಮೋ ಲೂಡೆನ್ಸ್' ಎಂಬ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಆಟ ಕೆಡಿಸಿ ಎದ್ದುಹೋಗುವವನಿಗಿಂತ ಮೋಸ ಮಾಡುವವನನ್ನು ಸಮಾಜ ಬೇಗ ಕ್ಷಮಿಸುತ್ತದೆ. ಏಕೆಂದರೆ ಎದ್ದುಹೋಗುವವನು ಆಟವನ್ನೇ ಒಡೆಯುತ್ತಾನೆ, ಮೋಸಗಾರನಾದರೋ ನಿಯಮಕ್ಕೆ ತಲೆಬಾಗಿದಂತೆ ನಟಿಸುತ್ತಾನೆ. ಗಮನಿಸಿದ್ದು ನಿಜ, ಆದರೆ ಆ ಕ್ಷಮೆ ತಪ್ಪು ಜಾಗಕ್ಕೆ ಸಲ್ಲುತ್ತಿದೆ ಎಂದು ನನಗನಿಸುತ್ತದೆ. ಎದ್ದುಹೋಗುವವನು ತಾನು ಆಡುವುದಿಲ್ಲವೆಂದು ಎಲ್ಲರಿಗೂ ಕಾಣುವಂತೆ ಹೇಳುತ್ತಾನೆ. ಮೋಸಗಾರ ಉಳಿದವರ ನಿಯಮಪಾಲನೆಯನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಎಲ್ಲರೂ ಮೋಸ ಮಾಡಿದರೆ ಅವನ ಮೋಸ ಫಲಿಸದು. ಎದುರಿನ ಹುಡುಗ ಒಂದು ಗಂಟೆ ಕಾಲ ತಾನು ಗೆಳೆಯನೊಡನೆ ಆಡುತ್ತಿದ್ದೇನೆಂದು ನಂಬಿರುತ್ತಾನೆ. ವಾಸ್ತವದಲ್ಲಿ ಅವನೊಬ್ಬನೇ ಆಡುತ್ತಿರುತ್ತಾನೆ. ಕಳವಾಗುವುದು ಕಾರ್ಡು ಮಾತ್ರವಲ್ಲ, ಆ ಒಡನಾಟ.

ಇನ್ನೊಂದು ಮಾತಿದೆ. ಯೂದನ ಸ್ಥಾನಕ್ಕೆ ಮತ್ತೊಬ್ಬರನ್ನು ಆರಿಸುವಾಗ ಪ್ರೇಷಿತರು ಪ್ರಾರ್ಥಿಸಿ ಚೀಟಿ ಹಾಕಿದರು. ಮತ್ತೀಯನ ಹೆಸರು ಬಂದಿತು. ಅಲ್ಲಿ ಆಯ್ಕೆ ಯಾರೊಬ್ಬರ ಕೈಯಲ್ಲಿಯೂ ಇರಲಿಲ್ಲ. ಆಟದ ಕಟ್ಟನ್ನು ಅದಕ್ಕೆ ಹೋಲಿಸುವುದು ಅತಿಯಾದೀತು. ಆದರೂ ಚೆನ್ನಾಗಿ ಕಲೆಸಿದ ಕಟ್ಟಿನ ಮುಂದೆ ಇಬ್ಬರೂ ಸಮಾನರು. ಧನಿಕನ ಮಗನಿಗೂ ಕೂಲಿಯವನ ಮಗನಿಗೂ ಮುಂದಿನ ಕಾರ್ಡು ಯಾವುದೆಂದು ತಿಳಿಯದು. ಆ ಸಮಾನತೆಯನ್ನು ಕದಿಯುವುದು ಸಣ್ಣ ವಿಷಯವಲ್ಲ.

ಹಾಗೆಂದು ಪ್ರತಿಯೊಂದು ತಪ್ಪನ್ನೂ ಮೋಸವೆನ್ನಲಾಗದು. ಮ್ಯಾಜಿಕ್ ಆಟದ ತೀರ್ಪುಗಾರರ ನಿಯಮಗಳ ಪ್ರಕಾರ, ನಿಯಮ ಮುರಿದ ಮಾತ್ರಕ್ಕೆ ಯಾರೂ ಮೋಸಗಾರರಾಗುವುದಿಲ್ಲ. ಅದು ನಿಷಿದ್ಧವೆಂಬ ಅರಿವೂ, ಅದರಿಂದ ಲಾಭ ಪಡೆಯುವ ಉದ್ದೇಶವೂ ಇರಬೇಕು. ಮಾರಕ ಪಾಪಕ್ಕೆ ವಿಷಯದ ಗುರುತರತೆ, ಪೂರ್ಣ ಅರಿವು, ಮನಃಪೂರ್ವಕ ಸಮ್ಮತಿ ಎಂಬ ಮೂರೂ ಬೇಕೆಂದು ಧರ್ಮೋಪದೇಶದಲ್ಲಿ ಕಲಿತ ನಮಗೆ ಇದು ಹೊಸದೇನಲ್ಲ. ಆದರೆ ಅದೇ ನಿಯಮಗಳು ಇನ್ನೂ ಒಂದನ್ನು ಸೇರಿಸುತ್ತವೆ: ತಪ್ಪು ಅರಿಯದೆ ನಡೆದಿದ್ದರೂ, ಕಂಡುಬಂದ ಮೇಲೆ ಲಾಭಕ್ಕಾಗಿ ಬಾಯಿಮುಚ್ಚಿಕೊಂಡಿದ್ದರೆ ಅದೂ ಮೋಸವೇ. ಕೈತಪ್ಪಿ ಎರಡು ಕಾರ್ಡು ಬಂದುದು ಅಪರಾಧವಲ್ಲ. ಬಂದುದನ್ನು ಕಂಡೂ ಇಟ್ಟುಕೊಂಡುದು ಅಪರಾಧ. ಅಂಗಡಿಯಾತ ಹೆಚ್ಚು ಕೊಟ್ಟ ಚಿಲ್ಲರೆಯನ್ನು ಮರಳಿಸದೆ ಬರುವ ನಮಗೂ ಈ ಮಾತು ಸಲ್ಲುತ್ತದೆ.

ತಂದೆತಾಯಂದಿರೇ, ಮಕ್ಕಳ ನಡುವೆ ಇಂತಹ ದೂರು ಬಂದಾಗ ಮೊದಲು ಕಾರ್ಯವನ್ನು ನೋಡಿ, ಆಮೇಲೆ ವ್ಯಕ್ತಿಯನ್ನು. "ನೀನು ಕಳ್ಳ" ಎನ್ನುವುದಕ್ಕೂ "ಈ ಕಟ್ಟಿನಲ್ಲಿ ಒಂದು ಕಾರ್ಡು ಹೆಚ್ಚಾಗಿದೆ, ಎಣಿಸೋಣ" ಎನ್ನುವುದಕ್ಕೂ ಬಹಳ ಅಂತರವಿದೆ. ಸ್ಪರ್ಧೆಗಳಲ್ಲಿ ಆಟಗಾರರು ತಮ್ಮತಮ್ಮಲ್ಲೇ ಜಗಳವಾಡದೆ ಕೈಯೆತ್ತಿ ತೀರ್ಪುಗಾರರನ್ನು ಕರೆಯಬೇಕು. ಸಹೋದರನ ತಪ್ಪನ್ನು ಮೊದಲು ಏಕಾಂತದಲ್ಲಿ ತಿದ್ದೆಂದು ಪ್ರಭು ಕಲಿಸಿದ್ದಾರಲ್ಲವೇ ಎಂದು ಕೇಳುವವರಿರಬಹುದು. ಹೌದು, ಆದರೆ ಇಬ್ಬರೇ ಇರುವಲ್ಲಿ ಬಲಿಷ್ಠನ ದನಿಯೇ ನ್ಯಾಯವಾಗಿಬಿಡುವ ಅಪಾಯವುಂಟು. ಆದುದರಿಂದ ಆಟದ ಲೆಕ್ಕ ಹಿರಿಯರ ಮುಂದೆ ತೀರಲಿ. ತಪ್ಪಿದ ಮಗುವಿನ ಮನಸ್ಸನ್ನು ತಿದ್ದುವ ಮಾತು ಏಕಾಂತದಲ್ಲಿ ನಡೆಯಲಿ. ನೆರೆಯವರೆಲ್ಲ ಸೇರಿದಲ್ಲಿ ಅವಮಾನಗೊಂಡ ಮಗು ಮೋಸವನ್ನು ಬಿಡುವುದಿಲ್ಲ, ಸಿಕ್ಕಿಬೀಳದಂತೆ ಮಾಡುವುದನ್ನು ಕಲಿಯುತ್ತದೆ.

ಮೋಸದಿಂದ ಗೆದ್ದುದನ್ನು ಹಿಂದಿರುಗಿಸದೆ ಈ ಲೆಕ್ಕ ಮುಗಿಯುವುದಿಲ್ಲ. ಜಕ್ಕಾಯನು ಪಶ್ಚಾತ್ತಾಪಪಟ್ಟಾಗ ಬಾಯಿಮಾತಿಗೆ ನಿಲ್ಲದೆ, ವಂಚಿಸಿದ್ದರೆ ನಾಲ್ಕರಷ್ಟು ಕೊಡುವೆನೆಂದನು. ನಿಮ್ಮ ಮಗು ನಾಲ್ಕರಷ್ಟು ಕೊಡಬೇಕಿಲ್ಲ. ಗೆದ್ದ ಕಾರ್ಡುಗಳನ್ನು ತಾನೇ ಆ ಮನೆಗೆ ಹೊತ್ತೊಯ್ದು ಕೊಡಲಿ. ನೀವು ಬಾಗಿಲವರೆಗೆ ಜೊತೆಗೆ ಹೋಗಿ, ಮಾತನ್ನು ಅವನೇ ಆಡಲಿ. ಮೋಸಹೋದ ಮಗುವಿನ ಹೆತ್ತವರು, "ಆಟ ತಾನೆ" ಎಂದು ತೇಲಿಸದೆ, ಆ ಕಾರ್ಡುಗಳನ್ನು ಗೌರವದಿಂದ ಪಡೆದು ಇಬ್ಬರನ್ನೂ ಮತ್ತೆ ಆಟಕ್ಕೆ ಕೂರಿಸಲಿ. ಮೊದಲು ಎರಡೂ ಕಟ್ಟುಗಳನ್ನು ಎಣಿಸಲಿ, ಚೆನ್ನಾಗಿ ಕಲೆಸಲಿ, ಒಬ್ಬರ ಕಟ್ಟನ್ನು ಇನ್ನೊಬ್ಬರು ಕಟ್ ಮಾಡಲಿ. ಬರುವ ರಜೆಯಲ್ಲಿ ಒಂದು ಸಂಜೆ ನೀವೂ ಅವರ ಜೊತೆ ಕುಳಿತು, ನಿಮ್ಮ ಕಟ್ಟನ್ನೂ ಮಗುವಿನ ಮುಂದಿಡಿ.