ನೆಟ್ಟವರ ಋಣ

ನಿಮ್ಮ ಮನೆಯಂಗಳದಲ್ಲಿ ಮೂರು ವರ್ಷಗಳ ಹಿಂದೆ ನೆಟ್ಟ ಸಂಪಿಗೆಯ ಗಿಡವೊಂದು ಇದೆಯೆಂದು ಭಾವಿಸಿರಿ. ಆಳೆತ್ತರ ಬೆಳೆದ ಆ ಗಿಡದ ಮೇಲಿನ ಕೊಂಬೆಯೊಂದು ತುದಿಯಿಂದ ಕೆಳಮುಖವಾಗಿ ಒಣಗತೊಡಗುತ್ತದೆ. ಕೆಲವು ತಿಂಗಳಲ್ಲಿ ಇನ್ನೆರಡು ಕೊಂಬೆಗಳಿಗೂ ಅದೇ ಗತಿ. ಆಗ ಮನೆಯಲ್ಲಿ ಎರಡು ಮಾತುಗಳು ಏಳುತ್ತವೆ. ‘ಕಿತ್ತು ಬೇರೆಯದನ್ನು ನೆಡೋಣ’ ಎಂಬುದು ಒಂದು. ‘ಗೊಬ್ಬರ ಹಾಕಿ, ದಿನವೂ ನೀರು ಬಿಡೋಣ’ ಎಂಬುದು ಇನ್ನೊಂದು. ಮೊದಲನೆಯದು ಕಠೋರವೆಂದೂ ಎರಡನೆಯದು ಕರುಣೆಯೆಂದೂ ತೋರುತ್ತದೆ. ಆದರೆ ಎರಡೂ ಒಂದೇ ಪ್ರಶ್ನೆಯಿಂದ ನುಣುಚಿಕೊಳ್ಳುತ್ತವೆ: ಈ ಗಿಡಕ್ಕೆ ನಾವು ಏನು ಮಾಡಿದ್ದೇವೆ?

ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ತೋಟಗಾರನು ಅಂಜೂರದ ಮರಕ್ಕಾಗಿ ಇನ್ನೊಂದು ವರ್ಷದ ಅವಧಿಯನ್ನು ಬೇಡುತ್ತಾನೆ. ಅದು ಹಣ್ಣು ಬಿಡದ ಮರ. ಒಡೆಯನಿಗೆ ಅದರಿಂದ ಬರಬೇಕಾದದ್ದೊಂದಿತ್ತು. ನಮ್ಮ ಸಂಪಿಗೆಯಾದರೋ ಯಾರಿಗೂ ಏನನ್ನೂ ಸಲ್ಲಿಸಬೇಕಾಗಿಲ್ಲ. ಅದನ್ನು ನೆಟ್ಟದ್ದು ನಮ್ಮ ಕಣ್ಣಿನ ಸಂತೋಷಕ್ಕೆ. ಸ್ಥಳವನ್ನು ಆರಿಸಿದವರು ನಾವು, ಗುಂಡಿ ತೋಡಿದವರೂ ನಾವು. ಎದ್ದು ಬೇರೆಡೆಗೆ ಹೋಗಲು ಅದಕ್ಕೆ ಕಾಲಿಲ್ಲ. ಆದ್ದರಿಂದ ಅದರ ಆರೈಕೆಯನ್ನು ದಾನವೆಂದು ಎಣಿಸುವುದು ಸರಿಯಲ್ಲ, ಅದು ನಾವು ತೀರಿಸಬೇಕಾದ ಋಣ.

ರೋಗ ಕಾಣುವುದು ತುದಿಯಲ್ಲಿ. ಕಾರಣ ಬಹಳ ಸಲ ಬುಡದಲ್ಲಿರುತ್ತದೆ. ಶಿಲೀಂಧ್ರವೂ ಕಾಂಡಕೊರಕ ಹುಳವೂ ಇರಬಹುದು, ನಿಜ. ಆದರೂ ಮೊದಲು ಬುಡದ ಮಣ್ಣನ್ನು ಕೈಯಿಂದ ಸರಿಸಿ ನೋಡಿರಿ. ಕಾಂಡವು ಅಗಲವಾಗಿ ಬೇರಾಗುವ ಜಾಗ ಮಣ್ಣಿನ ಮಟ್ಟದಲ್ಲಿ ಕಾಣಬೇಕು. ಅದು ಒಂದು ಗೇಣು ಕೆಳಗೆ ಹೂತುಹೋಗಿದ್ದರೆ ಗಿಡ ಉಸಿರುಗಟ್ಟುತ್ತಿದೆ. ನರ್ಸರಿಯ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಕೊಂಡ ಬೇರು ಇನ್ನೂ ಬಿಚ್ಚಿಕೊಳ್ಳದೆ ಕಾಂಡವನ್ನೇ ಬಿಗಿಯುತ್ತಿರಬಹುದು. ಅಂಗಳಕ್ಕೆ ಹಾಕಿದ ಸಿಮೆಂಟು ಬುಡದವರೆಗೂ ಬಂದಿರಬಹುದು. ಸಂಪಿಗೆಯ ಬೇರು ಮೆತ್ತಗಿನದು. ನಿಂತ ನೀರನ್ನೂ ಸಹಿಸದು, ಪದೇ ಪದೇ ಅಗೆಯುವುದನ್ನೂ ಸಹಿಸದು. ಹೀಗಿರಲು ಕರುಣೆಯಿಂದ ದಿನವೂ ಬಿಟ್ಟ ನೀರೇ ಅದನ್ನು ಕೊಲ್ಲುತ್ತಿರಬಹುದಲ್ಲವೇ?

ಗೊಬ್ಬರದ ವಿಷಯವೂ ಹಾಗೆಯೇ. ಬೇರು ಸೋತಿರುವಾಗ ಹಾಕಿದ ರಸಗೊಬ್ಬರದ ಉಪ್ಪು ಇದ್ದ ನೀರನ್ನೂ ಬೇರಿಗೆ ದಕ್ಕದಂತೆ ಮಾಡುತ್ತದೆ; ಬಲವಂತವಾಗಿ ಬಂದ ಚಿಗುರನ್ನು ಸಾಕಲು ಬೇರಿಗೆ ಶಕ್ತಿಯಿರುವುದಿಲ್ಲ. ಪರೀಕ್ಷೆಯಲ್ಲಿ ಕುಸಿದ ಮಗನಿಗೆ, ರಾತ್ರಿ ಅವನಿಗೆ ನಿದ್ದೆ ಬರುತ್ತದೆಯೇ ಎಂದು ಕೇಳದೆ ಮತ್ತೊಂದು ಟ್ಯೂಷನ್ ಸೇರಿಸುವ ತಂದೆತಾಯಿಯರನ್ನು ನೀವು ಬಲ್ಲಿರಿ. ಅವರ ಪ್ರೀತಿ ಸುಳ್ಳಲ್ಲ. ಆದರೆ ಏನನ್ನಾದರೂ ಮಾಡಿದೆವೆಂಬ ಸಮಾಧಾನವು ಮಗನಿಗಿಂತ ಮೊದಲು ಅವರಿಗೇ ಬೇಕಾಗಿರುತ್ತದೆ.

ಇನ್ನು ಕತ್ತರಿಯ ಕೆಲಸ. ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿರಿ: ಒಳಗೆ ಹಸಿರಿದ್ದರೆ ಜೀವವಿದೆ, ಕಂದು ಬಣ್ಣದ ಒಣಕಲಾದರೆ ಇಲ್ಲ. ಸತ್ತದ್ದನ್ನು ಮಾತ್ರ ಕತ್ತರಿಸಬೇಕು. ಅಂದಕ್ಕಾಗಿ ಹಸಿರು ಕೊಂಬೆಯನ್ನು ಮುಟ್ಟಬಾರದು, ಏಕೆಂದರೆ ಉಳಿದ ಎಲೆಗಳೇ ಅದರ ಅಡುಗೆಮನೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, ಮರದ ಗಾಯವು ನಮ್ಮ ಗಾಯದಂತೆ ಮಾಯುವುದಿಲ್ಲವೆಂದು ಕಂಡುಕೊಂಡರು. ಮರವು ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ, ಅದನ್ನು ಒಳಗೇ ಇರಿಸಿಕೊಂಡು, ಅದರ ಹೊರಗೆ ಹೊಸದಾಗಿ ಬೆಳೆಯುತ್ತದೆ. ಕೊಂಬೆಯು ಕಾಂಡವನ್ನು ಸೇರುವಲ್ಲಿ ಬಳೆಯಂತೆ ಉಬ್ಬಿದ ಭಾಗವು ಆ ಗೋಡೆ ಏಳುವ ಜಾಗ. ಕೊಂಬೆಯನ್ನು ಅದರ ಹೊರಗೆ ಕತ್ತರಿಸಬೇಕೇ ಹೊರತು ಅದನ್ನು ಕೆತ್ತಬಾರದು. ಗಾಯಕ್ಕೆ ಟಾರು ಅಥವಾ ಬಣ್ಣ ಬಳಿಯುವುದು ನಮ್ಮಲ್ಲಿ ವಾಡಿಕೆ. ಅದರಿಂದ ಕೊಳೆ ನಿಲ್ಲುವುದಿಲ್ಲ, ನೋಡುವವರ ಮನಸ್ಸಿಗೆ ನೆಮ್ಮದಿಯಾಗುತ್ತದೆ ಅಷ್ಟೆ.

ಬಳಿಕ ಕಾಂಡಕ್ಕೆ ತಾಗದಂತೆ ಎರಡು-ಮೂರು ಅಂಗುಲ ಒಣ ಎಲೆಯ ಹೊದಿಕೆ, ಮಣ್ಣು ಆರಿದಾಗ ಮಾತ್ರ ಆಳಕ್ಕಿಳಿಯುವಷ್ಟು ನೀರು. ಮಿಕ್ಕದ್ದು ಕಾಯುವ ಕೆಲಸ. ಎರಡು-ಮೂರು ವರ್ಷವಾದರೂ ಬೇಕು. ಚಿಗುರು ನಾವು ಬಯಸಿದ ಕಡೆಯಿಂದಲೇ ಬರುವುದಿಲ್ಲ, ಗಿಡ ಒಂದು ಪಕ್ಕಕ್ಕೆ ವಾಲಿ ಬೆಳೆಯಬಹುದು. ಅಂದಕ್ಕೆಂದು ನೆಟ್ಟದ್ದು ಅಂದಗೆಟ್ಟು ಬದುಕಿದಾಗ, ಅದನ್ನು ಬಾಗಿಲ ಮುಂದೆ ನಿಲ್ಲಗೊಡುವಷ್ಟು ಮನಸ್ಸು ನಮಗಿದೆಯೇ?

ಬುಡದ ತೊಗಟೆಯೇ ಸುತ್ತಲೂ ಒಣಗಿದ್ದರೆ ತೆಗೆಯುವುದೇ ನ್ಯಾಯ, ಅದಕ್ಕೆ ಅಳುಕಬೇಕಾಗಿಲ್ಲ. ಆದರೆ ಅದೇ ಗುಂಡಿಯಲ್ಲಿ ಹೊಸ ಸಸಿಯನ್ನು ಇಳಿಸುವ ಮುನ್ನ ಸುತ್ತಲಿನ ಸಿಮೆಂಟನ್ನು ಎರಡು ಮೊಳ ಅಗಲಕ್ಕೆ ಒಡೆಸಿರಿ.