ಘಟಿಸದೆ ಹೋದುದರ ಲೆಕ್ಕ

(ಮಾಟುಂಗದ ಕನ್ನಡ ವಾಚನಾಲಯವೊಂದರಲ್ಲಿ ಮೂವರು ಕುಳಿತಿದ್ದಾರೆ: ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತರಾದ ಮೇಟ್ರನ್; ಮುಲುಂಡದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿರುವ ಅವರ ಸೋದರಸೊಸೆ; ವಾಚನಾಲಯದ ಮೇಲ್ವಿಚಾರಕರಾದ ಮೇಷ್ಟರು. ತರುಣಿಯು ಲಿಂಕ್ಡ್‌ಇನ್ನಿಗಾಗಿ ತನ್ನ ವೃತ್ತಿಪರಿಚಯವನ್ನು ಫೋನಿನಲ್ಲಿ ಬರೆಯುತ್ತಿದ್ದಾಳೆ.)

ತರುಣಿ: ಕೇಳಿ ಅತ್ತೆ. ಜಿ.ಎನ್.ಎಂ., ಪೋಸ್ಟ್ ಬೇಸಿಕ್ ಬಿ.ಎಸ್‌ಸಿ.; ಆರು ವರ್ಷಗಳ ಅನುಭವ; ಐ.ಸಿ.ಯು., ಎನ್.ಐ.ಸಿ.ಯು., ಡಯಾಲಿಸಿಸ್, ಕ್ಯಾಥ್ ಲ್ಯಾಬ್‌ಗಳಲ್ಲಿ ಪರಿಣತಿ. ವೆಂಟಿಲೇಟರ್ ನಿರ್ವಹಣೆಯಲ್ಲಿ ನೈಪುಣ್ಯ. ಹೇಗಿದೆ?

ಮೇಟ್ರನ್: ಆರು ವರ್ಷಕ್ಕೆ ನಾಲ್ಕು ಪರಿಣತಿಗಳೆ? ಡಯಾಲಿಸಿಸಿನಲ್ಲಿ ನೀನು ಇದ್ದುದು ಯಾವಾಗ?

ತರುಣಿ: ಅಲ್ಲಿಯ ಸಿಸ್ಟರ್ ಹೆರಿಗೆ ರಜೆ ಹಾಕಿದ್ದರಲ್ಲ, ಆಗ.

ಮೇಷ್ಟರು: ಬಿಡಿ ಮೇಟ್ರನ್, ಜಾತಕದಲ್ಲಿ ದೋಷವನ್ನು ತಾವಾಗಿ ಬರೆದು ಕಳುಹಿಸುವ ಹೆಣ್ಣಿನ ಕಡೆಯವರನ್ನು ಎಲ್ಲಿ ಕಂಡಿರಿ?

ತರುಣಿ: ನಾನು ಸುಳ್ಳನ್ನೇನೂ ಬರೆದಿಲ್ಲ. ದುಬೈಯ ಪರವಾನಗಿಗೆ ಹೋದರೆ ಡೇಟಾಫ್ಲೋದವರು ನನ್ನ ಒಂದೊಂದು ಪ್ರಮಾಣಪತ್ರವನ್ನೂ ಅದು ಹೊರಟ ಸ್ಥಳಕ್ಕೇ ಕಳುಹಿಸಿ ಪರೀಕ್ಷಿಸುತ್ತಾರೆ. ಆದರೆ ಅಲ್ಲಿಯವರೆಗೆ ಹೋಗಬೇಕಾದರೆ ಮೊದಲು ಏಜೆನ್ಸಿಯವರ ಕಣ್ಣಿಗೆ ಬೀಳಬೇಕು. ಅವರು ಹುಡುಕುವುದು ಮನುಷ್ಯರನ್ನಲ್ಲ, ಪದಗಳನ್ನು. ಆ ಪದ ಇಲ್ಲದಿದ್ದರೆ ನಾನೂ ಇಲ್ಲ. ಇನ್ನೊಂದು ಮಾತು, ಅತ್ತೆ: ನಮ್ಮ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರುಗಳ ಹೆಸರು, ಪದವಿ, ವಿಶೇಷಜ್ಞತೆ ಎಲ್ಲವೂ ದೊಡ್ಡ ಅಕ್ಷರಗಳಲ್ಲಿವೆ, ನಮಗೆ ಅಲ್ಲಿ ಹೆಸರೇ ಇಲ್ಲ, ನಾವೆಲ್ಲರೂ ಬರಿಯ 'ಸಿಸ್ಟರ್'. 1949ರ ಬೊಂಬಾಯಿ ನರ್ಸಿಂಗ್ ಹೋಮ್ ಕಾಯಿದೆಯು ಅರ್ಹ ದಾದಿಯರಿರಬೇಕೆಂದು ಹೇಳುತ್ತದೆ; ಆದರೂ ನಾಲ್ಕು ದಿನ ಇಂಜೆಕ್ಷನ್ ಕೊಡಲು ಕಲಿತ ಹುಡುಗಿಯನ್ನು ಬಿಳಿಯ ಉಡುಪು ತೊಡಿಸಿ ನಿಲ್ಲಿಸುವ ಸಣ್ಣ ನರ್ಸಿಂಗ್ ಹೋಮುಗಳು ಉಪನಗರಗಳಲ್ಲಿ ಇಲ್ಲವೆ? ಅವಳೂ ಸಿಸ್ಟರ್, ನಾನೂ ಸಿಸ್ಟರ್. ನಮ್ಮಿಬ್ಬರ ಭೇದವನ್ನು ನಾನೇ ಹೇಳಿಕೊಳ್ಳದಿದ್ದರೆ ಯಾರು ಹೇಳುತ್ತಾರೆ?

ಮೇಟ್ರನ್: ಅದನ್ನು ಒಪ್ಪಿದೆ. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನ ನಿನ್ನ ನೋಂದಣಿಯನ್ನು ಎಲ್ಲಕ್ಕಿಂತ ಮೇಲೆ ಬರೆ.

ಮೇಷ್ಟರು: ಇಲ್ಲಿ ಒಂದು ಸ್ವಾರಸ್ಯವುಂಟು. ದಾದಿಯರ ನೋಂದಣಿಯನ್ನು ಬಲವಾಗಿ ವಿರೋಧಿಸಿದವರಲ್ಲಿ ಸ್ವತಃ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬಳು. ಪರೀಕ್ಷೆಯಿಂದ ಅಳೆಯಬಹುದಾದುದು ಪುಸ್ತಕಜ್ಞಾನವೇ ಹೊರತು ಶೀಲವಲ್ಲ, ಶೀಲವಿಲ್ಲದ ಶುಶ್ರೂಷೆ ಶುಶ್ರೂಷೆಯೇ ಅಲ್ಲವೆಂಬುದು ಆಕೆಯ ವಾದ. 1910ರಲ್ಲಿ ಆಕೆ ತೀರಿಕೊಂಡಳು. ಇಂಗ್ಲೆಂಡಿನಲ್ಲಿ ನೋಂದಣಿಯ ಕಾನೂನು ಬಂದುದು 1919ರಲ್ಲಿ. ನಮ್ಮ ಬೊಂಬಾಯಿ ಪ್ರಾಂತದಲ್ಲಿ 1935ರಲ್ಲಿ. ಹಾಗಿದ್ದಮೇಲೆ, ಶೀಲವನ್ನು ಅಳೆಯುವ ಮಾನದಂಡ ಯಾವುದು ಎಂಬ ಪ್ರಶ್ನೆಯನ್ನು ನಾವು ಮೊದಲು ಇತ್ಯರ್ಥ ಮಾಡಿಕೊಳ್ಳಬೇಡವೆ? ಅರಿಸ್ಟಾಟಲನು...

ಮೇಟ್ರನ್: ಅರಿಸ್ಟಾಟಲನಿಗೆ ನೈಟ್ ಡ್ಯೂಟಿ ಇರಲಿಲ್ಲ, ಮೇಷ್ಟರೆ, ಇವಳಿಗೆ ಎಂಟು ಗಂಟೆಗೆ ಇದೆ. ನನ್ನ ಆಕ್ಷೇಪ ಇವಳ ಶೀಲದ ಮೇಲಲ್ಲ. ಇವಳು ಓದಿದ ಸಾಲುಗಳಲ್ಲಿ ಇರುವುದೆಲ್ಲ ಯಂತ್ರಗಳ ಹೆಸರು, ಕೊಠಡಿಗಳ ಹೆಸರು. ರೋಗಿ ಮಾತ್ರ ಎಲ್ಲಿಯೂ ಇಲ್ಲ. ಹಳದೀಪುರದ ಅರುಣಾ ಶಾನಭಾಗಳನ್ನು ನೆನೆದುಕೊಳ್ಳಿ. ಹೊನ್ನಾವರ ತಾಲೂಕಿನ ಆ ಊರಿನಿಂದ ಹೊರಟು ಪರೇಲಿನ ಕೆ.ಇ.ಎಂ. ಆಸ್ಪತ್ರೆಗೆ ದಾದಿಯಾಗಿ ಬಂದವಳು, 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬನ ಪಾಶವೀ ಹಲ್ಲೆಗೆ ಸಿಕ್ಕಿ, ಕೊರಳಿಗೆ ಬಿಗಿದ ನಾಯಿಯ ಸರಪಳಿಯಿಂದ ಮಿದುಳಿಗೆ ಪ್ರಾಣವಾಯು ತಲಪದೆ, ಮಾತು ದೃಷ್ಟಿ ಚಲನೆಗಳನ್ನು ಕಳೆದುಕೊಂಡು, 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಹತ್ತಿರಹತ್ತಿರ 42 ವರ್ಷ, ಅಲ್ಲಿಯೇ ಮಲಗಿದ್ದಳು. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವಿರಾಣಿಯವರು ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತಿರಸ್ಕರಿಸಿತಷ್ಟೆ. ಆಗ ನ್ಯಾಯಾಲಯದ ಮುಂದೆ ಬಂದ ಸಂಗತಿಗಳಲ್ಲಿ ಒಂದು, ಅಷ್ಟು ವರ್ಷಗಳಲ್ಲಿ ಆಕೆಯ ಮೈಮೇಲೆ ಒಂದು ಬೆಡ್ ಸೋರ್ ಕೂಡ ಆಗಿರಲಿಲ್ಲವೆಂಬುದು. ಮೇಷ್ಟರೆ, ಕೇಳುವವರಿಗೆ ಇದು ಸಣ್ಣ ಮಾತು. ತಾನಾಗಿ ಹೊರಳಲಾರದ ದೇಹದ ಭಾರವೆಲ್ಲ ತ್ರಿಕದ ಮೇಲೆ, ಹಿಮ್ಮಡಿಗಳ ಮೇಲೆ ಕೂತು, ಅಲ್ಲಿಯ ಚರ್ಮಕ್ಕೆ ರಕ್ತ ಹರಿಯದೆ ಕೆಲವೇ ಗಂಟೆಗಳಲ್ಲಿ ಅದು ಕೆಂಪಾಗಿ, ಅಲಕ್ಷ್ಯ ಮಾಡಿದರೆ ಎಲುಬಿನವರೆಗೆ ಕೊಳೆಯತಕ್ಕದ್ದು. ಅದನ್ನು ತಡೆಯಬೇಕಾದರೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆಯಾದ ಬಟ್ಟೆಯನ್ನು ಕೂಡಲೆ ತೆಗೆಯಬೇಕು, ಸುಕ್ಕಿಲ್ಲದಂತೆ ಹಾಸಬೇಕು. ಇದನ್ನು ಮಾಡಿದವರಲ್ಲಿ 1973ರಲ್ಲಿ ಹುಟ್ಟಿಯೇ ಇರದಿದ್ದ ಹುಡುಗಿಯರೂ ಇದ್ದರು. ಈಗ ಹೇಳು ಮಗು, ಆ ಬಾರದೆ ಹೋದ ಹುಣ್ಣನ್ನು ಯಾರು ತಮ್ಮ ಪರಿಚಯಪತ್ರದಲ್ಲಿ ಬರೆದುಕೊಳ್ಳಬೇಕು? ಬೆಳಗಿನವಳು ಸಂಜೆಯವಳಿಗೆ, ಸಂಜೆಯವಳು ರಾತ್ರಿಯವಳಿಗೆ ಹ್ಯಾಂಡೋವರ್ ಕೊಟ್ಟು ಹೋದ ಕೆಲಸವದು. ಒಬ್ಬಳು ಒಂದು ರಾತ್ರಿ ತಪ್ಪಿದ್ದರೆ ಕೆಡುತ್ತಿತ್ತು, ಯಾರೂ ತಪ್ಪಲಿಲ್ಲವಾದುದರಿಂದ ಯಾರದ್ದೂ ಆಗಲಿಲ್ಲ. ಶುಶ್ರೂಷೆಯ ಉತ್ತಮಾಂಶವೆಲ್ಲ ಹೀಗೆ ಘಟಿಸದೆ ಹೋದುದರಲ್ಲಿದೆ, ಅದೂ ಹಲವರ ಕೈಯಲ್ಲಿ ಹಂಚಿಹೋಗಿದೆ. ನಿನ್ನ ಆ ಪುಟವಾದರೋ ಘಟಿಸಿದುದನ್ನು ಮಾತ್ರ, ಒಬ್ಬಳ ಹೆಸರಿನಲ್ಲಿ ಮಾತ್ರ ಕೇಳುತ್ತದೆ.

ಮೇಷ್ಟರು: ನಿಜ, ನಿಜ.

ತರುಣಿ: ನೀವು ಇಷ್ಟು ಬೇಗ ಒಪ್ಪಬೇಡಿ, ಮೇಷ್ಟರೆ. ಘಟಿಸಿದುದಕ್ಕೂ ಬೆಲೆಯುಂಟು. 2008ರ ನವೆಂಬರ್ 26ರ ರಾತ್ರಿ ಕಾಮಾ ಆಸ್ಪತ್ರೆಯೊಳಕ್ಕೆ ಬಂದೂಕಿನವರು ನುಗ್ಗಿದಾಗ 20 ಮಂದಿ ಗರ್ಭಿಣಿಯರನ್ನು ಬಚ್ಚಿಟ್ಟು ಉಳಿಸಿದ ದಾದಿ ಅಂಜಲಿ ಕುಲ್ಥೆಯವರು, 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆಯೇ ಅದನ್ನು ಹೇಳಿದರು. ಅವರು ಸುಮ್ಮನಿರಬೇಕಿತ್ತೆ?

ಮೇಟ್ರನ್: ಎಂದಿಗೂ ಇಲ್ಲ. ಆದರೆ ಅದೇ ರಾತ್ರಿ, ಗುಂಡಿನ ಸದ್ದಿನ ನಡುವೆ, ಅವರಲ್ಲೊಬ್ಬಳಿಗೆ ನೋವು ಕಾಣಿಸಿಕೊಂಡಾಗ ಅವಳನ್ನು ಹೆರಿಗೆ ಕೋಣೆಗೆ ಮುಟ್ಟಿಸಿದವರೂ ಅವರೇ. ಲೋಕ ಬಂದೂಕನ್ನು ನೆನಪಿಟ್ಟುಕೊಂಡಿತು. ನನಗೆ ದಾದಿ ಕಂಡುದು ಆ ಹೆರಿಗೆ ಕೋಣೆಯ ದಾರಿಯಲ್ಲಿ.

ತರುಣಿ: ಹಾಗಾದರೆ ಏನು ಬರೆಯಲಿ? ಖಾಲಿ ಬಿಡಲೆ?

ಮೇಟ್ರನ್: ಖಾಲಿ ಬಿಟ್ಟರೆ ನಷ್ಟ ನಿನಗೆ, ಲಾಭ ಕಡಿಮೆ ಸಂಬಳ ಕೊಡುವವನಿಗೆ. ಎಂಥ ರೋಗಿಗಳು, ಎಷ್ಟು ಹಾಸಿಗೆಗೆ ನೀನೊಬ್ಬಳು, ಯಾವುದನ್ನು ಒಬ್ಬಳೇ ಮಾಡಬಲ್ಲೆ, ಯಾವುದಕ್ಕೆ ಹಿರಿಯ ಸಿಸ್ಟರ್ ಪಕ್ಕದಲ್ಲಿರಬೇಕು, ಇಷ್ಟನ್ನು ಬರೆ. ಇಂಡಿಯನ್ ನರ್ಸಿಂಗ್ ಕೌನ್ಸಿಲು ಕ್ರಿಟಿಕಲ್ ಕೇರ್, ನವಜಾತ ಶಿಶು, ಕ್ಯಾನ್ಸರ್ ಮೊದಲಾದವಕ್ಕೆ ಒಂದೊಂದು ವರ್ಷದ ಡಿಪ್ಲೊಮಾ ಇಟ್ಟಿರುವುದು ಪರಿಣತಿಗೆ ಒಂದು ಮೇರೆಯಿರಲೆಂದೇ. ನಿನ್ನ ಸಾಲನ್ನು ನಂಬಿ ಯಾರೋ ಒಬ್ಬರು ನಡುರಾತ್ರಿ ನಿನ್ನೊಬ್ಬಳನ್ನೇ ಎನ್.ಐ.ಸಿ.ಯು.ನಲ್ಲಿ ನಿಲ್ಲಿಸಿ ಹೋಗುತ್ತಾರೆ. ಆಗ ನಿನ್ನ ಅತಿಶಯೋಕ್ತಿಯ ಸಾಲ ತೀರಿಸಬೇಕಾದುದು ಒಂದು ಕಿಲೋ ತೂಗದ ಶಿಶು. ಅದಿರಲಿ, ಭಾಷೆಗಳನ್ನು ಎಲ್ಲಿ ಬರೆದೆ?

ತರುಣಿ: ಕೊನೆಯಲ್ಲಿ. ಕನ್ನಡ, ತುಳು, ಮರಾಠಿ, ಹಿಂದಿ, ಇಂಗ್ಲಿಷ್.

ಮೇಟ್ರನ್: ಮೇಲಕ್ಕೆ ತಾ. ಕುಂದಾಪುರದ ಕಡೆಯಿಂದ ಹೋಟೆಲಿಗೆ ಬಂದ ಹುಡುಗ ಹೊಟ್ಟೆಯನ್ನು ಅವುಚಿಕೊಂಡು ವಾರ್ಡಿಗೆ ಬಂದಾಗ, ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಸರಿಯಿತೆಂಬುದನ್ನು ಅವನು ಹೇಳುವುದು ತನ್ನ ಮಾತಿನಲ್ಲಿಯೇ. ಈ ಊರಿನಲ್ಲಿ ಅದೂ ಒಂದು ವಿಶೇಷಜ್ಞತೆಯೇ, ಡಿಪ್ಲೊಮಾ ಇಲ್ಲದಿದ್ದರೂ.

ತರುಣಿ: (ಬರೆಯುತ್ತ) ಡಯಾಲಿಸಿಸನ್ನು ಅಳಿಸಿದೆ. "ವೆಂಟಿಲೇಟರ್: ಹಿರಿಯ ಸಿಸ್ಟರರ ಮೇಲ್ವಿಚಾರಣೆಯಲ್ಲಿ." ಇದನ್ನು ಓದಿ ಏಜೆನ್ಸಿಯವರು ಕೈಬಿಟ್ಟರೆ?

ಮೇಟ್ರನ್: ಬಿಡಬಹುದು.

ತರುಣಿ: ಡೊಂಬಿವಲಿಯ ಮನೆಯ ಸಾಲ?

ಮೇಷ್ಟರು: ಹೌದು, ಅದಕ್ಕೇನೆನ್ನುತ್ತೀರಿ?

ಮೇಟ್ರನ್: ಆ ಪ್ರಶ್ನೆಯನ್ನು ಮುಲುಂಡದಲ್ಲಿ ಇವಳಿಗೆ ಸಂಬಳ ಕೊಡುವವರಿಗೆ ಹಾಕಬೇಕು, ನನ್ನಲ್ಲಿ ಅದಕ್ಕೆ ಉತ್ತರವಿಲ್ಲ. ಕ್ಯಾಥ್ ಲ್ಯಾಬ್ ಇನ್ನೂ ಹಾಗೆಯೇ ಇದೆಯಲ್ಲ?

ತರುಣಿ: ಅಲ್ಲಿ ನಾನು ಹನ್ನೊಂದು ತಿಂಗಳು ನಿಂತಿದ್ದೇನೆ, ಅತ್ತೆ. ಅದು ಇರುತ್ತದೆ.