ಬುಡ ಹೋದರೂ ಬಿಳಲು

ಒಂದು ಸೀಮೆಯ ಜನರ ಗಟ್ಟಿತನ ಹೇಳಬೇಕಾದಾಗ ನಾವು ಹಳೆಯ ಮರದ ಕಡೆ ಕೈ ತೋರಿಸುತ್ತೇವೆ. ಗಾಳಿ-ಮಳೆಗೆ ಜಗ್ಗದೆ ನಿಂತಿದೆ, ನಾವೂ ಹಾಗೇ ಎನ್ನುತ್ತೇವೆ. ಚಚಡಿ, ಬೈಲಹೊಂಗಲ, ಕಿತ್ತೂರು ಕಡೆಯವರಿಗೆ ಇಂಥ ಮರ ಹುಡುಕಲು ದೂರ ಹೋಗಬೇಕಿಲ್ಲ. ನಂದಗಡದಲ್ಲಿ, ಬ್ರಿಟಿಷರ ವಿರುದ್ಧ ಹೋರಾಡಿದ ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿ ಆಲ ಹಬ್ಬಿದೆ. ಅದು ಅವನ ಸಂಗಡಿಗನೊಬ್ಬ ನೆಟ್ಟ ಸಸಿ ಎಂಬುದು ಜನರ ನಂಬಿಕೆ. ಮಕ್ಕಳಿಲ್ಲದವರು ಅಲ್ಲಿ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ಆದರೆ 1831ರ ಜನವರಿ 26ರಂದು ಕಂಪನಿ ಸರ್ಕಾರ ರಾಯಣ್ಣನನ್ನು ಗಲ್ಲಿಗೇರಿಸಿದ್ದೂ ನಂದಗಡದ ಹತ್ತಿರದ ಆಲದ ಮರದಲ್ಲೇ. ಒಂದು ಆಲ ನೇಣುಗಂಬವಾಯಿತು, ಇನ್ನೊಂದು ಗುಡಿಯಾಯಿತು. ಮರಕ್ಕೆ ಯಾವ ಪಕ್ಷವೂ ಇಲ್ಲ. ಯಾವುದಕ್ಕೆ ಕೈ ಮುಗಿಯಬೇಕೆಂದು ತೀರ್ಮಾನಿಸಿದವರು ಜನ. ರಾಯಣ್ಣನನ್ನು ಮೋಸದಿಂದ ಹಿಡಿದುಕೊಟ್ಟವರೂ ಇದೇ ನೆಲದ ನೀರು ಕುಡಿದವರು. ಆದ್ದರಿಂದ ಕೆಚ್ಚು ಮಣ್ಣಿನಿಂದ ತಾನಾಗಿ ಬರುವ ಗುಣವಲ್ಲ. ಪ್ರತಿಯೊಬ್ಬರೂ ತಮ್ಮ ಕಾಲದಲ್ಲಿ ಮಾಡಿಕೊಳ್ಳಬೇಕಾದ ಆಯ್ಕೆ ಅದು.

ಹಾಗಾದರೆ ಮರ ನಮಗೆ ಏನನ್ನೂ ಕಲಿಸುವುದಿಲ್ಲವೇ? ಕಲಿಸುತ್ತದೆ, ಆದರೆ ಜಗ್ಗದಿರುವುದನ್ನಲ್ಲ. ಬೆಂಗಳೂರಿನ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹರಡಿದೆ. ಅದರ ಮೂಲ ಬುಡ ರೋಗ ತಗುಲಿ ಎಂದೋ ಸತ್ತಿದೆ. ಮರ ಮಾತ್ರ ಬದುಕಿದೆ, ಏಕೆಂದರೆ ಕೊಂಬೆಗಳಿಂದ ಇಳಿದ ಬಿಳಲುಗಳು ಮಣ್ಣು ಮುಟ್ಟಿ ತಾವೇ ಬುಡಗಳಾಗಿವೆ.

ಕಿತ್ತೂರಿನಲ್ಲೂ ನಡೆದದ್ದು ಇದೇ. 1824ರ ಡಿಸೆಂಬರಿನಲ್ಲಿ ಕೋಟೆ ಕಂಪನಿಯ ಕೈಗೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಸೇರಿದಳು. 1829ರಲ್ಲಿ ಅಲ್ಲೇ ತೀರಿಕೊಂಡಳು. ಅರಮನೆಯ ಲೆಕ್ಕದಲ್ಲಿ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಂದುವರಿಸಿದವನು ದೊರೆಯಲ್ಲ, ಊರ ಕಾವಲಿನ ಶೇತಸನದಿ ರಾಯಣ್ಣ. ಹೊಲ ಕಳೆದುಕೊಂಡವರು, ಕಂದಾಯದ ಹೊರೆಗೆ ಬಗ್ಗಿದವರು ಅವನ ಜೊತೆ ನಿಂತರು, ಸರ್ಕಾರಿ ಕಚೇರಿಗಳಿಗೂ ದಫ್ತರಗಳಿಗೂ ಬೆಂಕಿಯಿಟ್ಟರು. ಅವರೂ ಸೋತರು. ಇಳಿದ ಬಿಳಲೆಲ್ಲ ಬುಡವಾಗುವುದಿಲ್ಲ. ಆದರೆ ಇಳಿಯದಿದ್ದರೆ ಒಂದೂ ಆಗುವುದಿಲ್ಲ.

ಈಗ ನಮ್ಮ ಊರುಗಳ ಆಲದ ಬುಡ ನೋಡಿ. ಸುತ್ತ ಸಿಮೆಂಟಿನ ಕಟ್ಟೆ, ಅದರ ಮೇಲೆ ಟೈಲ್ಸು, ಪಕ್ಕದಲ್ಲಿ ಡಾಂಬರು ರಸ್ತೆ. ಬಿಳಲಿನ ತುದಿ ಎಳಸು, ಬೆಳ್ಳಗೆ ಮೆತ್ತಗೆ ಇರುತ್ತದೆ. ನೆಲಕ್ಕೆ ಇನ್ನೇನು ಗೇಣುದ್ದ ಎನ್ನುವಷ್ಟರಲ್ಲಿ ಬಸ್ಸಿಗೆ ಅಡ್ಡಿ ಎಂದು ಕತ್ತರಿಸುತ್ತಾರೆ. ಮರಕ್ಕೆ ಪೂಜೆಯುಂಟು, ಬಿಳಲಿಗೆ ಜಾಗವಿಲ್ಲ. ವೀರರ ವಿಷಯದಲ್ಲೂ ನಮ್ಮ ನಡತೆ ಇದೇ: ಮೂರ್ತಿ ನಿಲ್ಲಿಸುತ್ತೇವೆ, ಜಯಂತಿ ಮಾಡುತ್ತೇವೆ, ಊರಿನ ಹುಡುಗನೊಬ್ಬ ಗ್ರಾಮಸಭೆಯಲ್ಲಿ ಎದ್ದು ಲೆಕ್ಕ ಕೇಳಿದರೆ ಸುಮ್ಮನೆ ಕೂರಿಸುತ್ತೇವೆ.

ಹಳೆಯದನ್ನು ಕಾಯುವುದಷ್ಟೇ ಗಟ್ಟಿತನವಲ್ಲ. ಹೊಸದು ಊರಿಕೊಳ್ಳಲು ಜಾಗ ಬಿಡುವುದೇ ಗಟ್ಟಿತನ. ಮುಂದಿನ ಸಲ ಪಂಚಾಯಿತಿಯವರು ಆಲಕ್ಕೆ ಕಟ್ಟೆ ಕಟ್ಟಿಸಲು ಬಂದರೆ, ಬಿಳಲು ಇಳಿಯುವ ಕಡೆ ನಾಲ್ಕು ಮೊಳ ಮಣ್ಣು ಬಿಡಿ ಎಂದು ಕೇಳಿ. ಗ್ರಾಮಸಭೆಯಲ್ಲಿ ಆ ಹುಡುಗನ ಪ್ರಶ್ನೆಗೆ ಉತ್ತರವನ್ನೂ ಕೇಳಿ.